ಹರಳಿನ ಕೌದಿ

ವರದಿಯ ಕೊನೆಯ ಸಾಲು ಓದಿದ್ದೇ ತಡ, ಗಂಗವ್ವನ ಪಿತ್ತ ನೆತ್ತಿಗೇರಿತು.

ಮೊದಲ ಸಾಲುಗಳೇನೂ ಸಿಹಿಯಾಗಿರಲಿಲ್ಲ. 'ರೋಗಿ ಪಾರ್ವತೆವ್ವ, ವಯಸ್ಸು ನಲವತ್ತಾರು. ಕುತ್ತಿಗೆ ಮತ್ತು ಎದೆಯನ್ನು ನೋಡಲಾಗಿದೆ. ಗಡ್ಡೆ ಎಲ್ಲಿಯೂ ಕಂಡುಬಂದಿಲ್ಲ.' ಪಾರ್ವತೆವ್ವ ಅಂದರೆ ಪಾರವ್ವ, ಗಂಗವ್ವನ ಗಂಡನ ತಮ್ಮನ ಹೆಂಡತಿ, ಇಪ್ಪತ್ತಾರು ವರ್ಷ ಒಂದೇ ಒಲೆಯ ಮುಂದೆ ಜಗಳಾಡಿದ ನೆಗೆಣ್ಣಿ. ಅವಳ ಮೈಯಲ್ಲಿ ಗಡ್ಡೆ ಇರುವುದು ಖಚಿತವಾಗಿತ್ತು, ಎಲ್ಲಿದೆ ಎಂಬುದು ಸಿಗದಿದ್ದರೆ ಅವಳು ಉಳಿಯುವಂತಿರಲಿಲ್ಲ. ಆದರೆ ಕೊನೆಯ ಸಾಲು ಅವಳ ಕೈಗೇ ಹೊಡೆದಿತ್ತು. 'ಕೌದಿಯ ನಡುಭಾಗದಲ್ಲಿ ಮೂವತ್ತೆಂಟು ಹರಳುಗಳು ಸತ್ತಿವೆ. ತೇಪೆ ಹಾಕಿ ಚಿತ್ರ ಸರಿಪಡಿಸಲಾಗಿದೆ.'

"ಸತ್ತಾವಂತ! ಯಾರು ಹೇಳಿದ್ದು?"

ಕಂಪ್ಯೂಟರಿನ ಮುಂದೆ ಕೂತಿದ್ದ ಮಹಾಂತೇಶ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿಕೊಂಡ. ಆ ಕೋಣೆಯ ಚಿತ್ರ ತೆಗೆಯುವ ಕೆಲಸ ಅವನದು. ಗಂಗವ್ವನ ದನಿ ಏರಿದಾಗ ಹಿಂದೆ ಸರಿಯಬೇಕೆಂಬುದನ್ನು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತಿದ್ದ.

"ಮಷೀನು ಹೇಳೈತ್ರೀ ಅಕ್ಕಾರ. ನಾ ಹೇಳಿದ್ದಲ್ಲ."

"ಮಷೀನಿಗೆ ಬಾಯಿ ಕೊಟ್ಟವ್ರು ಯಾರು? ಮುಂಜಾನಿ ಹರಳಿನ ಹಾಜರಿ ತಗೊಂಡಾಗ ಆರು ಸಾವಿರದ ನಾನೂರಕ್ಕ ಆರು ಸಾವಿರದ ನಾನೂರೂ ಇದ್ವು. ನಾನ ನಿಂತು ನೋಡೀನಿ. ಹನ್ನೊಂದು ಗಂಟೆಕ್ಕ ಮೂವತ್ತೆಂಟು ಒಮ್ಮಿಗೇ ಹೆಂಗ ಸತ್ವು? ಪ್ಲೇಗು ಬಂದಿತ್ತೇನು?"

"ಮಡಚುವಾಗ ಒಡದಿರಬೇಕು ಅಂತ..."

"ಮಡಚಿದಾಕಿ ನಾನು!"

ಮಹಾಂತೇಶ ಪರದೆಯ ಕಡೆ ತಿರುಗಿದ.

ಹೊಸಕೇರಿಯ ಆಸ್ಪತ್ರೆಗೆ ಹರಳಿನ ಕೌದಿ ಬಂದು ಒಂಬತ್ತು ವರ್ಷವಾಗಿತ್ತು. ಅದಕ್ಕೂ ಮುಂಚೆ, ಚುಚ್ಚಿದ ಔಷಧ ಸೂಸುವ ಕಿರಣ ಹಿಡಿದು ಮೈಯೊಳಗಿನ ಅಣುಚಿತ್ರ ತೆಗೆಯಬೇಕಾದರೆ ಆನೆ ಗಾತ್ರದ ಕ್ಯಾಮೆರಾ ಬೇಕಿತ್ತು. ಅದು ಇದ್ದದ್ದು ದೊಡ್ಡ ಶಹರಗಳಲ್ಲಿ. ಆ ಕ್ಯಾಮೆರಾವನ್ನೇ ಮಡಚಿಡುವ ಹಾಗೆ ಮಾಡಿದರೆ ಹೇಗೆ, ಹೊದಿಕೆಯ ಹಾಗೆ ರೋಗಿಯ ಮೈಮೇಲೆ ಹೊದಿಸಿದರೆ ಹೇಗೆ ಎಂದು ಯಾರೋ ಯೋಚಿಸಿದರು. ಜೋಳದ ಕಾಳಿನಷ್ಟು ಹರಳುಗಳು. ಒಂದೊಂದಕ್ಕೂ ಟಂಗ್‌ಸ್ಟನ್ ಲೋಹದ ಪುಟ್ಟ ಗೂಡು. ಗೂಡಿನೊಳಗೆ ಕೂತ ಹರಳು ತನ್ನ ನೇರಕ್ಕೆ ಬಂದ ಕಿರಣವನ್ನಷ್ಟೇ ನೋಡುತ್ತದೆ, ನೋಡಿದಾಗಲೆಲ್ಲ ಒಮ್ಮೆ ಮಿಣುಕುತ್ತದೆ. ಆ ಮಿಣುಕುಗಳನ್ನು ಎಣಿಸಿದರೆ ಚಿತ್ರ.

ಯೋಚನೆ ಚೆನ್ನಾಗಿಯೇ ಇತ್ತು. ಆದರೆ ಯಂತ್ರದಲ್ಲಿ ಹೊಲಿದ ಹೊದಿಕೆಗಳು ನಾಲ್ಕು ಸಲ ಮಡಚುವಷ್ಟರಲ್ಲಿ ಒಡೆದು ಪುಡಿಯಾದವು. ಹೊಲಿಗೆ ಬಿಗಿಯಾಗಿ ಬಿದ್ದು ಹರಳಿಗೆ ಮಿಸುಕಾಡಲು ಜಾಗವೇ ಇರಲಿಲ್ಲ. ಕೊನೆಗೆ ಒಬ್ಬ ಬುದ್ಧಿವಂತನಿಗೆ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡುವ ಹೆಂಗಸರ ನೆನಪಾಯಿತು. ಎಷ್ಟು ಒಗೆದರೂ ಎಷ್ಟು ಮಡಚಿದರೂ ಅವರ ಹೊಲಿಗೆ ಹರಿಯುವುದಿಲ್ಲ, ಯಾಕೆಂದರೆ ಪ್ರತಿ ಹೊಲಿಗೆಯಲ್ಲಿ ಒಂದು ಕೂದಲೆಳೆಯಷ್ಟು ಸಡಿಲು ಬಿಟ್ಟಿರುತ್ತಾರೆ. ಆ ಸಡಿಲು ಎಷ್ಟಿರಬೇಕು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಅದು ಬೆರಳಿನಲ್ಲಿದೆ.

ಗಂಗವ್ವ ಊರ ಸಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ಇವತ್ತು ಆಸ್ಪತ್ರೆಯ ಕೌದಿಮನೆಗೆ ಅವಳೇ ಮುಖ್ಯಸ್ಥೆ. ಅವಳ ಕೈಯ ಹನ್ನೊಂದು ಕೌದಿಗಳು ಏಳು ಜಿಲ್ಲೆಗಳಲ್ಲಿ ಬಸ್ಸಿನಲ್ಲಿ ತಿರುಗುತ್ತವೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹೊಲಿಯುವಾಗ ಒಳಗೆ ಒಂದು ತುತ್ತು ಇಡಬೇಕು ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಹರಳಿನ ಕೌದಿಯೊಳಗೆ ರೊಟ್ಟಿ ಚೂರು ಇಡುವುದಕ್ಕೆ ಆಗುತ್ತದೆಯೆ? ಅದಕ್ಕೇ ಗಂಗವ್ವ ಮೂಲೆಯ ಮಡಿಕೆಯಲ್ಲಿ, ಹರಳುಗಳಿಂದ ನಾಲ್ಕು ಬೆರಳು ದೂರದಲ್ಲಿ, ಒಂದೇ ಒಂದು ಜೋಳದ ಕಾಳು ಇಟ್ಟು ಹೊಲಿಯುತ್ತಿದ್ದಳು.

ಈ ಕಾಳಿನ ಸುದ್ದಿ ರಾಜಧಾನಿಯಲ್ಲಿದ್ದ ಇಂಜಿನಿಯರ್ ಸದಾನಂದ ಶೇಟ್‌ನ ಕಿವಿಗೆ ಬಿದ್ದಿತ್ತು. ಹರಳು ಮಾತಾಡದಿದ್ದರೆ ಅಕ್ಕಪಕ್ಕದ ಹರಳುಗಳ ಲೆಕ್ಕ ನೋಡಿ ಆ ಜಾಗ ತುಂಬಿಸುವ 'ತೇಪೆ' ಎಂಬ ಪ್ರೋಗ್ರಾಂ ಬರೆದವನು ಆತನೇ. ಒಂದು ವರ್ಷದಿಂದ ಪತ್ರದ ಮೇಲೆ ಪತ್ರ ಬರೆಯುತ್ತಿದ್ದ. ಹೊಸಕೇರಿಯ ಕೌದಿಗಳಲ್ಲಿ ಮಾತ್ರ ನಡುವಿನ ಹರಳುಗಳು ಆಗಾಗ ಸಾಯುತ್ತವೆ, ಮರುದಿನ ಬದುಕುತ್ತವೆ, ಇದು ಹೊಲಿಗೆಯ ದೋಷ, ಕಾಳು ಇಡುವ ಮೂಢನಂಬಿಕೆ ನಿಲ್ಲಿಸಿ ಎಂದು. ಗಂಗವ್ವ ತಾನೇ ಕೂತು ಉತ್ತರ ಬರೆದಿದ್ದಳು. 'ಕಾಳು ಮೂಲೆಯಲ್ಲಿದೆ. ನೀವು ನಡುವಿನ ಮಾತಾಡುತ್ತಿದ್ದೀರಿ. ಮೂಲೆ ಯಾವುದು ನಡು ಯಾವುದು ತಿಳಿಯದಿದ್ದರೆ ಬಂದು ನೋಡಿ ಹೋಗಿ. ಊಟ ಹಾಕುತ್ತೇನೆ.'

ಆತ ಬರಲಿಲ್ಲ. ಈಗ ಅದೇ ಮಾತು ಪಾರವ್ವನ ವರದಿಯಲ್ಲಿ ಬಂದು ಕೂತಿತ್ತು.

ಬಾಗಿಲಲ್ಲಿ ಡಾಕ್ಟರ್ ಕಸ್ತೂರಿ ಉಮಚಗಿ ಬಂದು ನಿಂತರು. ಶಸ್ತ್ರಚಿಕಿತ್ಸೆ ಮಾಡುವವರು ಅವರೇ.

"ಗಂಗವ್ವಾ, ನಾಳೆ ಆಪರೇಶನ್ ಬ್ಯಾಡ. ಹೋದ ಸಲ ಕುತ್ತಿಗಿ ತೆರೆದು ನೋಡಿದ್ದಾತು. ಮೂರು ಗ್ರಂಥಿ ಸಿಕ್ವು, ಮೂರೂ ಛಲೋ ಇದ್ವು. ನಾಕನೇದು ಎಲ್ಲಿ ಕೂತೈತಿ ಅಂತ ಗುರುತ ಇಲ್ದ ಅದ ಗಾಯ ಮತ್ತ ಕೊಯ್ಯಾಕ ನನ್ನ ಕೈ ಬರಂಗಿಲ್ಲ. ದನಿ ನರ ಅಲ್ಲೇ ಐತಿ. ಕಡದರ ಮಾತು ಹೋಗ್ತಾವ."

"ಬಿಟ್ರ?"

"ಬಿಟ್ರ ಕಿಡ್ನಿ ಹೋಗ್ತಾವ. ತಿಂಗಳ ತಡದಾವು. ಹೆಚ್ಚಂದ್ರ ಎರಡು."

*

ಪಾರವ್ವನ ರೋಗ ಯಾರಿಗೂ ರೋಗದ ಹಾಗೆ ಕಂಡಿರಲಿಲ್ಲ. ಗಂಗವ್ವನಿಗಂತೂ ಕಂಡಿರಲೇ ಇಲ್ಲ.

ಎರಡು ವರ್ಷದ ಹಿಂದೆ ಪಾರವ್ವ ಕೌದಿ ಹೊಲಿಯುತ್ತ ಕೂತವಳು ನಡುವೆಯೇ ಸೂಜಿ ಬಿಟ್ಟು ಗೋಡೆಗೊರಗತೊಡಗಿದಳು. ಮೈಯೆಲ್ಲ ನೋವು ಅಂದಳು. ಕೊಡಗಟ್ಟಲೆ ನೀರು ಕುಡಿದಳು. ಹೇಳಿದ್ದು ಮರೆತಳು, ಕಾರಣವಿಲ್ಲದೆ ಅತ್ತಳು. "ಮೈಗಳ್ಳಿ, ಕೆಲಸ ಅಂದ್ರ ಎಲುಬು ನೋಯ್ತಾವೇನು?" ಎಂದು ಗಂಗವ್ವ ಬೈದಳು. ಒಂದು ದಿನವಲ್ಲ, ಎರಡು ವರ್ಷ ಬೈದಳು. ಒಂದು ಮುಂಜಾನೆ ಪಾರವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಹಂಚಿನ ಪಕ್ಕದಲ್ಲಿ ಟಪ್ಪೆಂದು ಸದ್ದಾಯಿತು. ಅವಳ ಬಲಗೈ ಮಣಿಕಟ್ಟು ಮುರಿದಿತ್ತು. ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ರೊಟ್ಟಿ ಬಡಿದು ಕೈ ಮುರಿದುಕೊಂಡವಳನ್ನು ಹೊಸಕೇರಿ ಅಲ್ಲಿಯವರೆಗೆ ಕಂಡಿರಲಿಲ್ಲ.

ಆಮೇಲೆ ರಕ್ತಪರೀಕ್ಷೆಯಾಯಿತು. ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ಒಂದೊಂದೂ ಅಕ್ಕಿ ಕಾಳಿನಷ್ಟು. ರಕ್ತದಲ್ಲಿ ಸುಣ್ಣದಂಶ ಕಡಿಮೆಯಾಗದಂತೆ ಕಾಯುವುದು ಅವುಗಳ ಕೆಲಸ. ಒಂದರಲ್ಲಿ ಗಡ್ಡೆ ಬೆಳೆದರೆ ಅದು ಕಾಯುವುದನ್ನು ಬಿಟ್ಟು ಕಳ್ಳತನಕ್ಕಿಳಿಯುತ್ತದೆ. ಎಲುಬಿನ ಸುಣ್ಣವನ್ನು ಕಿತ್ತು ರಕ್ತಕ್ಕೆ ಸುರಿಯುತ್ತದೆ. ಎಲುಬು ಟೊಳ್ಳಾಗುತ್ತದೆ, ಮೂತ್ರಪಿಂಡದಲ್ಲಿ ಹರಳು ಕಟ್ಟುತ್ತದೆ, ತಲೆಗೆ ಮಂಕು ಕವಿಯುತ್ತದೆ. ಆ ಕಳ್ಳನನ್ನು ಹಿಡಿದು ತೆಗೆದರೆ ಎಲ್ಲವೂ ಸರಿ. ಆದರೆ ಎಲ್ಲಿ ಅಡಗಿದೆ ಎಂದು ಗೊತ್ತಾಗಬೇಕು. ಅದಕ್ಕೇ ಕೌದಿ.

ಇದನ್ನು ಡಾಕ್ಟರು ವಿವರಿಸಿದ ದಿನ ಗಂಗವ್ವ ಮನೆಗೆ ಬಂದು ನೆಟ್ಟಗೆ ಹಂಚಿನ ಮುಂದೆ ಕೂತಳು. ಅಂದಿನಿಂದ ಪಾರವ್ವನ ಪಾಲಿನ ರೊಟ್ಟಿಯನ್ನೂ ತಾನೇ ಬಡಿದಳು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಜಾಯಮಾನ ಅವಳದಲ್ಲ.

*

"ಕೋಬಾಲ್ಟ್ ಕಡ್ಡಿ ಕೊಡು," ಎಂದಳು ಗಂಗವ್ವ, ಡಾಕ್ಟರು ಹೋದ ಮೇಲೆ.

ಪೆನ್ನಿನ ಹಾಗಿದ್ದ ಆ ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ವಿಕಿರಣ ವಸ್ತು ಇತ್ತು. ಬದುಕಿದ ಹರಳಿನ ಮುಂದೆ ಹಿಡಿದರೆ ಪರದೆಯಲ್ಲಿ ಚುಕ್ಕಿ ಮೂಡಬೇಕು. ಹದಿನಾಲ್ಕು ಕಿಲೋ ತೂಕದ ಕೌದಿಯನ್ನು ಗಂಗವ್ವ ಒಬ್ಬಳೇ ಎತ್ತಿ ಮೇಜಿನ ಮೇಲೆ ಹರವಿದಳು. ಸತ್ತವೆಂದು ಮಷೀನು ಪಟ್ಟಿ ಕೊಟ್ಟ ಮೂವತ್ತೆಂಟನ್ನೂ ಒಂದೊಂದಾಗಿ ಮುಟ್ಟುತ್ತ ಹೋದಳು. ಮಹಾಂತೇಶ ಸಂಖ್ಯೆ ಕೂಗಿದ. ಅವಳು ಕಡ್ಡಿ ಹಿಡಿದಳು. ಚುಕ್ಕಿ ಮೂಡಿತು. ಮತ್ತೊಂದು. ಮತ್ತೊಂದು. ಮುಕ್ಕಾಲು ಗಂಟೆ ಹಿಡಿಯಿತು.

ಮೂವತ್ತೆಂಟೂ ಬದುಕಿದ್ದವು.

"ಈಗೇನಂತೀ ತಮ್ಮಾ?"

"ಏನು ಅನ್ಲಿರೀ. ಸತ್ತವು ಎದ್ದು ಕುಂತಾವ."

"ಸತ್ತಿದ್ರಲ್ಲ ಏಳೂದು! ಆ ತೇಪೆ ತೆಗಿ. ಕೆಳಗ ಏನೈತಿ ನೋಡೂಣು."

"ಹಂಗ ತೆಗಿಯಾಕ ಬರಂಗಿಲ್ರೀ. ಚಿತ್ರ ತಯಾರಾಗೂದ ತೇಪೆ ಹಾಕ್ಕೊಂಡ."

"ಹಾಕಿದ ತೇಪೆ ಬಿಚ್ಚಾಕ ಬರಂಗಿಲ್ಲಂತ ಯಾವ ಸಿಂಪಿಗ್ಯಾ ಹೇಳ್ಯಾನ? ತೆಗಿ."

ಮಹಾಂತೇಶ ಬೈಸಿಕೊಳ್ಳುವುದರಲ್ಲಿ ಮಾತ್ರವಲ್ಲ, ಕೆಲಸದಲ್ಲೂ ಚುರುಕು. ಹತ್ತು ನಿಮಿಷ ಕೀಲಿಗಳನ್ನು ಕುಟ್ಟಿ, ಮುಂಜಾನೆ ಹರಳುಗಳು ಕಳಿಸಿದ ಹಸಿ ಲೆಕ್ಕವನ್ನೇ ಹೊರಗೆಳೆದು ಪರದೆಗೆ ಹಾಕಿದ. ಬೂದು ಬಣ್ಣದ ಎದೆಯ ನಡುವೆ ಒಂದು ಕಪ್ಪು ಮಚ್ಚೆ ಇತ್ತು.

ಗಂಗವ್ವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ಅವಳಿಗೆ ಮೊದಲು ಬಂದದ್ದು ಸಮಾಧಾನ, ಆಮೇಲೆ ಹೆಮ್ಮೆ.

"ನೋಡು, ನೋಡಿಲ್ಲಿ. ನಾ ಹೊಲದದ್ದು ಸಾಲಿಗೆ ಸಾಲು. ನನ್ನ ದಾರ ಹರದ್ರ ಗೆರಿ ಎಳದಂಗ ಸಾಲ ಸಾಯಬೇಕು. ಇದು ದುಂಡಗೈತಿ. ಯಾವ ಹೊಲಿಗಿ ದುಂಡಗ ಹರೀತೈತಿ? ನನ್ನ ಕೌದಿ ಕಣ್ಣು ಮುಚ್ಚಿಲ್ಲ. ಅದರ ಕಣ್ಣಿಗೆ ಏನೋ ಅಡ್ಡ ಬಂದೈತಿ."

"ಏನು ಅಡ್ಡ ಬರ್ತೈತ್ರೀ? ಬಳಿ, ಸರ, ಓಲಿ, ಗುಂಡಿ ಎಲ್ಲಾ ತಗಸೀವಿ. ಏನೇನು ತಗಸಬೇಕು ಅನ್ನೂ ಪಟ್ಟಿ ಹಿಡಕೊಂಡು ಓದಿದವ್ರು ನೀವ."

ಅದು ನಿಜ. ತಾಳಿಸರವನ್ನೂ ಬಿಚ್ಚಿಸಿ ಗಂಗವ್ವ ತನ್ನ ಸೆರಗಿಗೆ ಕಟ್ಟಿಕೊಂಡಿದ್ದಳು. ಮಚ್ಚೆ ಅಡಿಕೆಗಿಂತ ದೊಡ್ಡದು, ನಿಂಬೆಹಣ್ಣಿಗಿಂತ ತುಸು ಚಿಕ್ಕದು. ಎಡಕ್ಕೊಂದು ಬಲಕ್ಕೊಂದು ಪುಟ್ಟ ಚೂಪು. ಎಲ್ಲೋ ನೋಡಿದ ಹಾಗಿತ್ತು. ಎಲ್ಲಿ ಎಂದು ಹೊಳೆಯಲಿಲ್ಲ. ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಗಡಿಯಾರದಲ್ಲಿ ಮೂರು ಹೊಡೆಯಲು ಬಂದಿತ್ತು. ಪಾರವ್ವ ಊಟ ಮಾಡಿರುವುದಿಲ್ಲ.

*

ಮನೆ ಆಸ್ಪತ್ರೆಯ ಹಿಂದಿನ ಓಣಿಯಲ್ಲೇ. ಪಾರವ್ವ ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತಿದ್ದಳು. ಮೈ ಬಾಡಿತ್ತು, ನಾಲಗೆ ಮಾತ್ರ ಬಾಡಿರಲಿಲ್ಲ.

"ಬಾ ಯಕ್ಕಾ. ನಿನ್ನ ಕೌದಿ ಏನಂದ್ತು? ನಿನ್ನಂಗ ಅದಕ್ಕೂ ಬರೇ ಮಂದೀ ಮೈಮ್ಯಾಲ ಬೀಳೂದು ಗೊತ್ತು, ಒಳಗಿಂದು ಕಾಣಂಗಿಲ್ಲ."

"ಬಾಯಿ ಮುಚ್ಕೊಂಡು ಉಣ್ಣು."

"ಮುಚ್ಕೊಂಡ್ರ ಹೆಂಗ ಉಣ್ಲಿ?"

ಗಂಗವ್ವ ತಟ್ಟೆಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಹಾಕಿ ಮುಂದಿಟ್ಟಳು. ಪಾರವ್ವನಿಗೆ ಬಲಗೈ ಇನ್ನೂ ನೆಟ್ಟಗೆ ಏಳುತ್ತಿರಲಿಲ್ಲ. ಕೈಯನ್ನು ಬಾಯಿಗೆ ತರುವ ಬದಲು ಬಾಯನ್ನೇ ತಟ್ಟೆಯ ಹತ್ತಿರ ತರುತ್ತಿದ್ದಳು. ಹಾಗೆ ಬಗ್ಗಿದಾಗ ಕುಪ್ಪಸದಿಂದ ಏನೋ ಜಾರಿ ತಟ್ಟೆಯ ಅಂಚಿಗೆ ಬಡಿದು ಠಣ್ ಎಂದಿತು.

ಕರಡಿಗೆ. ಅತ್ತೆಯ ಬೆಳ್ಳಿ ಕರಡಿಗೆ. ಇಷ್ಟಲಿಂಗವನ್ನು ಈ ಡಬ್ಬಿಯೊಳಗಿಟ್ಟು ಶಿವದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡರೆ ಸಾಯುವವರೆಗೆ ಮೈಬಿಟ್ಟು ಇಳಿಸುವಂತಿಲ್ಲ. ಹಳೆಯ ಕಾಲದ ದಪ್ಪ ಬೆಳ್ಳಿ. ಅತ್ತೆ ಅದನ್ನು ಹಿರಿಯ ಸೊಸೆಗೆ ಕೊಡದೆ ಕಿರಿಯಳಿಗೆ ಕೊಟ್ಟಿದ್ದಳು. ಆ ಸಿಟ್ಟು ಗಂಗವ್ವನಿಗೆ ಹತ್ತು ವರ್ಷ ಇತ್ತು. ಮೈ ದುಂಡಗೆ, ದಾರ ಪೋಣಿಸಲು ಎರಡು ಪಕ್ಕಕ್ಕೂ ಒಂದೊಂದು ಚೂಪು ಕಿವಿ.

ಗಂಗವ್ವ ಕುಪ್ಪಸದೊಳಗಿನ ಕಾಗದ ತೆಗೆದು ಬಿಚ್ಚಿದಳು. ಪಾರವ್ವನ ಎದೆಯ ಹತ್ತಿರ ಹಿಡಿದಳು. ಒಮ್ಮೆ ಕಾಗದ ನೋಡಿದಳು, ಒಮ್ಮೆ ಕರಡಿಗೆ ನೋಡಿದಳು. ಅಲ್ಲೇ ಕೂತುಬಿಟ್ಟಳು.

"ಏನಾತ ಯಕ್ಕಾ?"

"ನನ್ನ ಬುದ್ಧಿಗೆ ಮಣ್ಣು ಬಿತ್ತು."

ಅಂದು ಮುಂಜಾನೆ ಕೌದಿ ಹೊದಿಸುವ ಮುಂಚೆ ಪಟ್ಟಿ ಓದಿದ್ದು ಅವಳೇ. ಮೈಮೇಲಿನ ಒಡವೆ ತೆಗೆಯಿರಿ ಎಂದು ಪಟ್ಟಿಯಲ್ಲಿತ್ತು. ಲಿಂಗ ಒಡವೆಯಲ್ಲ. ಅದನ್ನು ಮೈಮೇಲಿನ ವಸ್ತು ಎಂದು ಎಣಿಸುವ ಮನಸ್ಸೇ ಅಲ್ಲಿ ಯಾರಿಗೂ ಇರಲಿಲ್ಲ. ಮಹಾಂತೇಶನ ಅಂಗಿಯೊಳಗೂ ಒಂದಿತ್ತು. ಡಾಕ್ಟರ ಕೊರಳಲ್ಲೂ ಒಂದಿತ್ತು. ಗಂಗವ್ವನ ಎದೆಯ ಮೇಲೂ ಇತ್ತು. ಅವರ ಪಾಲಿಗೆ ಅದು ಚರ್ಮದ ಹಾಗೆ, ಉಸಿರಿನ ಹಾಗೆ. ಹೊದಿಸುವಾಗ ಪಾರವ್ವನ ಕರಡಿಗೆ ಓರೆಯಾಗಿದ್ದನ್ನು ಕಂಡು ಗಂಗವ್ವ ತಾನೇ ಅದನ್ನು ಎದೆಯ ನಡುವಿಗೆ ನೆಟ್ಟಗೆ ಸರಿಸಿ, ಕಣ್ಣಿಗೊತ್ತಿಕೊಂಡು, ಮೇಲೆ ಕೌದಿ ಎಳೆದಿದ್ದಳು.

ಎಕ್ಸ್-ರೇ ಆಗಿದ್ದರೆ ಬೆಳ್ಳಿ ಎದ್ದು ಕಾಣುತ್ತಿತ್ತು. ಇಲ್ಲಿ ಬೆಳ್ಳಿ ಮೈಯೊಳಗಿನಿಂದ ಬರುವ ಕಿರಣವನ್ನು ತಡೆದಿತ್ತು, ತೇಪೆ ಆ ನೆರಳನ್ನೂ ಮುಚ್ಚಿಹಾಕಿತ್ತು. ಪಟ್ಟಿ ಬರೆದ ಇಂಜಿನಿಯರನಿಗೆ ಕರಡಿಗೆ ಎಂದರೇನು ಗೊತ್ತಿಲ್ಲ. ಗೊತ್ತಿದ್ದವರಿಗೆ ಅದು ಕಾಣಲಿಲ್ಲ.

"ಏಳು," ಎಂದಳು ಗಂಗವ್ವ.

"ಉಣ್ಣಾಕತ್ತೀನಿ."

"ಆಮ್ಯಾಲ ಉಣ್ಣು. ಮುಂಜಾನಿ ಚುಚ್ಚಿದ ಔಷಧ ಆರು ತಾಸಿಗೆ ಅರ್ಧ ಆಗ್ತೈತಿ. ಈಗ ಅರ್ಧ ಹೋಗೈತಿ. ಉಳದರ್ಧ ಹೋಗೂದ್ರೊಳಗ ಮತ್ತ ಮಲಗಬೇಕು ನೀ."

*

ಮಹಾಂತೇಶ ಕಾಗದವನ್ನೂ ಕರಡಿಗೆಯನ್ನೂ ನೋಡಿ ತನ್ನ ಅಂಗಿಯ ಮೇಲೆ ಕೈ ಇಟ್ಟುಕೊಂಡ. ಆಮೇಲೆ ಮೆಲ್ಲಗೆ, "ಬಿಚ್ಚು ಅಂತ ನಾ ಹೆಂಗ ಹೇಳ್ಲಿರೀ ಅಕ್ಕಾರ?" ಎಂದ.

ಪಾರವ್ವ ಎರಡೂ ಕೈಯಿಂದ ಕರಡಿಗೆ ಹಿಡಿದುಕೊಂಡಿದ್ದಳು. "ಯಾರು ಹೇಳಿದ್ರೂ ಬಿಚ್ಚಂಗಿಲ್ಲ. ಜೀವ ಹೋಗೂದಿದ್ರ ಇದನ್ನ ಹಿಡಕೊಂಡ ಹೋಗ್ಲಿ. ಅತ್ತಿ ಕೊಟ್ಟಾಗ ಮಾತು ಕೊಟ್ಟೀನಿ."

ಮುಂಜಾನೆಯ ಗಂಗವ್ವನಾಗಿದ್ದರೆ ಗದರುತ್ತಿದ್ದಳು. ಈಗ ಅವಳು ಮಂಚದ ಅಂಚಿಗೆ ಕೂತಳು.

"ಪಾರಿ, ದಿನಾ ಪೂಜಿ ಮಾಡುವಾಗ ಲಿಂಗ ಎಲ್ಲಿರ್ತೈತಿ?"

"ಅಂಗೈಯಾಗ."

"ಆಗೇನು ಮೈ ಬಿಟ್ಟು ಹೋತೇನು?"

ಪಾರವ್ವನ ಹಿಡಿತ ತುಸು ಸಡಿಲಾಯಿತು.

"ಎಡಗೈ ಚಾಚು. ಲಿಂಗ ಅಂಗೈಯಾಗ ಇರ್ಲಿ. ಬೇಕಾದ್ರ ಬಾಯಾಗ ಮಂತ್ರಾನೂ ಇರ್ಲಿ. ಖಾಲಿ ಕರಡಿಗಿ ಬರೇ ಬೆಳ್ಳಿ. ಅದನ್ನ ನನ್ನ ಕೈಯಾಗ ಕೊಡು."

"ನಿನ್ನ ಕೈಯಾಗೇನು? ಹತ್ತು ವರ್ಷದಿಂದ ಅದರ ಮ್ಯಾಲ ಕಣ್ಣಿಟ್ಟೀ ನೀ."

"ತಗೊಂಡು ಓಡಿ ಹೋಗಂಗಿಲ್ಲ ಕೊಡು."

ಪಾರವ್ವ ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಲಿಂಗವನ್ನು ಎಡ ಅಂಗೈಗೆ ಇಳಿಸಿಕೊಂಡು ಮುಷ್ಟಿ ಮುಚ್ಚಿ, ತೋಳನ್ನು ಮಂಚದಿಂದ ಆಚೆ ಚಾಚಿ ಮಲಗಿದಳು. ಗಂಗವ್ವ ಮೈಬಿಸಿಗೆ ಬೆಚ್ಚಗಾಗಿದ್ದ ಖಾಲಿ ಕರಡಿಗೆಯನ್ನು ಸೆರಗಿನಲ್ಲಿ ಕಟ್ಟಿ, ಹರಳಿನ ಕೌದಿಯನ್ನು ಗಲ್ಲದಿಂದ ಪಕ್ಕೆಲುಬಿನವರೆಗೆ ಹೊದಿಸಿ, ಅಂಚನ್ನು ಮಗುವಿಗೆ ಮಡಚಿದಂತೆ ಒಳಗೆ ಮಡಚಿದಳು.

ಚುಚ್ಚಿದ ಔಷಧದಲ್ಲಿ ಟೆಕ್ನೀಶಿಯಂ ಎಂಬ ಕಿರಣ ಸೂಸುವ ಧಾತು ಇತ್ತು. ಥೈರಾಯ್ಡೂ ಅದನ್ನು ಕುಡಿಯುತ್ತದೆ, ಗಡ್ಡೆಯೂ ಕುಡಿಯುತ್ತದೆ. ಎರಡು ತಾಸು ಕಳೆದರೆ ಥೈರಾಯ್ಡ್ ಉಗುಳುತ್ತದೆ, ಗಡ್ಡೆ ಮಾತ್ರ ನುಂಗಿದ್ದನ್ನು ಬಿಡುವುದಿಲ್ಲ. ಹಾಗೆ ಉಳಿದದ್ದೇ ಗುರುತು. ಆದರೆ ಈಗ ಏಳೂವರೆ ತಾಸಾಗಿತ್ತು. ಕಿರಣ ಬಡಕಲಾಗಿತ್ತು. ಮುಂಜಾನೆ ಇಪ್ಪತ್ತು ನಿಮಿಷ ತೆಗೆದ ಚಿತ್ರಕ್ಕೆ ಈಗ ಒಂದು ಗಂಟೆಯಾದರೂ ಬೇಕು. ಅಷ್ಟು ಹೊತ್ತು ಪಾರವ್ವ ಮಿಸುಕಾಡಬಾರದು.

ತೇಪೆಯನ್ನು ಮಹಾಂತೇಶ ಪೂರ್ತಿ ಆರಿಸಿದ್ದ.

ಪರದೆಯಲ್ಲಿ ಮೊದಲು ಏನೂ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಚುಕ್ಕಿ, ಅಂಗಳದಲ್ಲಿ ಸಾಸಿವೆ ಚೆಲ್ಲಿದಂತೆ. ಹತ್ತು ನಿಮಿಷ. ಹದಿನೈದು. ಕುತ್ತಿಗೆಯ ಜಾಗ ಖಾಲಿ. ತನ್ನ ಕೌದಿಯ ಮೇಲೆ ಅವಳಿಗೆ ಅನುಮಾನವಿರಲಿಲ್ಲ. ಆದರೆ ಗಡ್ಡೆ ಅಲ್ಲೂ ಇಲ್ಲದಿದ್ದರೆ? ನೆರಳಿನ ಕೆಳಗೂ ಏನೂ ಇಲ್ಲದಿದ್ದರೆ? ತನ್ನ ಹೊಲಿಗೆ ಗೆದ್ದು ಪಾರವ್ವ ಸೋತರೆ ಆ ಗೆಲುವನ್ನು ಯಾವ ಒಲೆಗೆ ಹಾಕುವುದು?

ಇಪ್ಪತ್ತನೆಯ ನಿಮಿಷಕ್ಕೆ ಎದೆಯ ನಡುವೆ ನಾಲ್ಕು ಚುಕ್ಕಿಗಳು ಒತ್ತಾಗಿ ಬಿದ್ದವು. ಮತ್ತೆ ಎರಡು. ಮತ್ತೆ ಐದು. ಬೇರೆಡೆ ಚುಕ್ಕಿಗಳು ಬಿದ್ದಲ್ಲೇ ಚದುರಿದ್ದವು, ಇಲ್ಲಿ ಮಾತ್ರ ಒಂದರ ಮೇಲೊಂದು ಕೂತವು. ಅರ್ಧ ಗಂಟೆಗೆ ಅದು ಕೆಂಡದ ಕಿಡಿಯಾಯಿತು. ಐವತ್ತನೆಯ ನಿಮಿಷಕ್ಕೆ ಹುಣಿಸೆ ಬೀಜದಷ್ಟು, ಹುಣಿಸೆ ಬೀಜದ ಆಕಾರದ್ದೇ, ಉರಿಯುವ ಗುರುತು. ಮುಂಜಾನೆ ಕಪ್ಪು ಮಚ್ಚೆ ಇದ್ದ ಜಾಗದಲ್ಲಿ, ಎದೆಗೂಡಿನ ಮೂಳೆಯ ಹಿಂದೆ.

ಮಹಾಂತೇಶ ಎದ್ದು ನಿಂತ. "ಅಕ್ಕಾರ..."

"ಕಂಡೈತಿ. ಕೂಗಬ್ಯಾಡ. ಆಕಿ ಅಳ್ಳಾಡ್ತಾಳ."

"ಏನ ಕಂಡೈತಿ?" ಎಂದಳು ಪಾರವ್ವ ಕೌದಿಯೊಳಗಿನಿಂದ.

"ನಿನ್ನ ಕಳ್ಳ."

ಡಾಕ್ಟರ್ ಉಮಚಗಿ ಓಡಿಬಂದರು. ಪರದೆಯ ಮುಂದೆ ನಿಂತು ತುಂಬ ಹೊತ್ತು ನೋಡಿದರು. "ತಾಯಿ ಹೊಟ್ಟ್ಯಾಗ ಇದ್ದಾಗ ಈ ಗ್ರಂಥಿ ಮ್ಯಾಲಿಂದ ಕುತ್ತಿಗಿಗೆ ಇಳೀತಾವ. ಒಂದೊಂದು ಎಲ್ಲಿ ನಿಲ್ಲಬೇಕು ತಿಳೀದ ಎದಿಗೇ ಇಳದುಬಿಡ್ತೈತಿ. ನಾ ಕುತ್ತಿಗಿ ಎಷ್ಟು ಸಲ ಕೊಯ್ದಿದ್ರೂ ಇದು ಸಿಗ್ತಿದ್ದಿಲ್ಲ." ಆಮೇಲೆ ತಮ್ಮ ಕೊರಳಿನ ಶಿವದಾರವನ್ನು ಬೆರಳಿನಿಂದ ಮುಟ್ಟಿದರು. "ನನಗೂ ಹೊಳೀಲಿಲ್ಲ ನೋಡವಾ."

ಸದಾನಂದ ಶೇಟ್ ಸಂಜೆ ಪರದೆಯ ಮೇಲೆ ಬಂದ. ಕಾರವಾರದ ಕಡೆಯ ಮನುಷ್ಯ, ಸಣ್ಣ ದನಿ. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ, "ಕರಡಿಗೆ ಅಂದರೆ ಎಂತದು?" ಎಂದು ಕೇಳಿದ.

ಗಂಗವ್ವ ಸೆರಗಿನ ಗಂಟು ಬಿಚ್ಚಿ ಪರದೆಯ ಮುಂದೆ ಹಿಡಿದಳು.

ಆತ ಮೂಗಿನ ಮೇಲೆ ಕನ್ನಡಕ ಸರಿಪಡಿಸಿಕೊಂಡ. "ಒಂದು ವರ್ಷದ ಆ ಸತ್ತ ಹರಳುಗಳೆಲ್ಲ..."

"ಎಲ್ಲಾ ಬದಕ್ಯಾವ. ಆ ಮಂದಿ ಚಿತ್ರಾನೆಲ್ಲಾ ತೇಪೆ ಕಿತ್ತು ಮತ್ತ ನೋಡ್ರಿ. ನೆರಳು ಬಿದ್ದವ್ರನ್ನ ಕರಸ್ರಿ. ನನಗ ಬರದ ಪತ್ರದಷ್ಟ ಪತ್ರ ಅವ್ರಿಗೂ ಬರೀರಿ."

"ಬರೀತೇನೆ," ಎಂದ ಆತ. ಸ್ವಲ್ಪ ತಡೆದು, "ನಿಮಗೊಂದು ಬೇರೆ ಬರೀಬೇಕು" ಎಂದ.

"ಪತ್ರ ಬ್ಯಾಡ. ಬರ್ರಿ. ಊಟಕ್ಕ ಕರದಿದ್ದೆ, ಇನ್ನೂ ಕರೆಯಾಕತ್ತೀನಿ."

*

ಮರುದಿನ ಎಂಟು ಗಂಟೆಗೆ ಡಾಕ್ಟರು ಪಾರವ್ವನ ಕುತ್ತಿಗೆಯನ್ನು ಮುಟ್ಟಲೇ ಇಲ್ಲ. ಪಕ್ಕೆಲುಬುಗಳ ನಡುವೆ ಮೂರು ಸಣ್ಣ ತೂತು ಮಾಡಿ, ಕ್ಯಾಮೆರಾ ಇರುವ ಕೊಳವೆಯನ್ನು ಒಳಗೆ ಬಿಟ್ಟು, ಗುರುತಿನ ಜಾಗಕ್ಕೆ ನೆಟ್ಟಗೆ ಹೋದರು. ತೆಗೆದ ಗಡ್ಡೆ ಎರಡು ಗ್ರಾಮಿಗಿಂತ ತುಸು ಹೆಚ್ಚು. ಅದನ್ನು ಕೌದಿಯ ಒಂದು ಮೂಲೆಯ ಮೇಲೆ ಇಟ್ಟರು. ಹಿಂದಿನ ದಿನದ ಔಷಧದ ಕೊನೆಯ ಕಿರಣಗಳು ಇನ್ನೂ ಉಳಿದಿದ್ದವು. ಒಂಬತ್ತು ಹರಳುಗಳು ಮಿಣುಕಿದವು. ಹತ್ತು ನಿಮಿಷ ಬಿಟ್ಟು ರಕ್ತ ನೋಡಿದರೆ ಮುನ್ನೂರರ ಮೇಲಿದ್ದ ಆ ಗ್ರಂಥಿಯ ಹಾರ್ಮೋನು ನಲವತ್ತಕ್ಕೆ ಇಳಿದಿತ್ತು.

ಎಚ್ಚರವಾದಾಗ 'ಬಾಯಾರಿಕಿ' ಎನ್ನದೆ ಪಾರವ್ವ ಕೇಳಿದ ಮೊದಲ ಮಾತು, "ನನ್ನ ಕರಡಿಗಿ ಎಲ್ಲೈತಿ?"

ಗಂಗವ್ವ ಅವಳ ಕೊರಳಿಗೆ ತಾನೇ ಹಾಕಿದಳು.

ಆರು ತಿಂಗಳಲ್ಲಿ ಎಲುಬು ಗಟ್ಟಿಯಾಗುತ್ತ ಬಂತು. ಮೊದಲ ರೊಟ್ಟಿ ಬಡಿದ ದಿನ ಪಾರವ್ವ ಓಣಿಗೆಲ್ಲ ಕೇಳುವ ಹಾಗೆ ಬಡಿದಳು. ಮರುವಾರ ಕೌದಿಮನೆಗೆ ಬಂದು ಸೂಜಿ ಹಿಡಿದಳು. ಗಂಗವ್ವ ಅವಳಿಗೆ ಹನ್ನೆರಡನೆಯ ಕೌದಿಯ ನಡುಭಾಗವನ್ನೂ ಕಾಳು ಇಡುವ ಮೂಲೆಯನ್ನೂ ಕೊಟ್ಟಳು. ಎರಡು ವರ್ಷ ಬೈದದ್ದಕ್ಕೆ ತಪ್ಪಾಯಿತು ಎಂದು ಅವಳು ಹೇಳಿದ್ದು ಅಷ್ಟೇ, ಪಾರವ್ವನಿಗೆ ಅಷ್ಟು ಸಾಕಾಗಿತ್ತು. ಪಟ್ಟಿಗೆ ಒಂದು ಹೊಸ ಸಾಲು ಸೇರಿತ್ತು, ಗಂಗವ್ವ ಹೇಳಿ ಬರೆಸಿದ್ದು. 'ಲಿಂಗ, ತಾಯಿತ, ಶಿಲುಬೆ ಯಾವುದೇ ಇರಲಿ, ಬಿಚ್ಚಿಡಿ ಎನ್ನಬೇಡಿ. ಎದೆಯ ಮೇಲಿಂದ ಅಂಗೈಗೆ ತೆಗೆದುಕೊಳ್ಳಿ ಎನ್ನಿ.' ತೇಪೆ ಹಾಕುವ ಮುಂಚೆ ಕೆಳಗಿನ ನೆರಳನ್ನು ತೋರಿಸುವಂತೆ ಸದಾನಂದ ತನ್ನ ಪ್ರೋಗ್ರಾಂ ತಿದ್ದಿದ್ದ. ಹಳೆಯ ಚಿತ್ರಗಳನ್ನು ಮತ್ತೆ ನೋಡಿದಾಗ ಇನ್ನೂ ಇಬ್ಬರ ಗಡ್ಡೆಗಳು ಸಿಕ್ಕವು.

ಹನ್ನೆರಡನೆಯ ಕೌದಿಯ ಮೊದಲ ಹಾಜರಿಗೆ ಆತ ಖುದ್ದಾಗಿ ಬಂದ. ಹಿಂದಿನ ದಿನ ಗಂಗವ್ವನ ಮನೆಯಲ್ಲಿ ನಾಲ್ಕು ರೊಟ್ಟಿ ತಿಂದು ಐದನೆಯದಕ್ಕೆ ಕೈ ಮುಗಿದಿದ್ದ. ಕೌದಿಯನ್ನು ಕಿರಣ ಸೂಸುವ ಹಾಜರಿ ಪೆಟ್ಟಿಗೆಯ ಮೇಲೆ ಹರವಿದರು. ಪರದೆಯ ತುಂಬ ಚುಕ್ಕಿಗಳು ಒಂದೂ ತಪ್ಪದೆ ಸಾಲಿಗೆ ಸಾಲು ಎದ್ದು ನಿಂತವು.

"ಆರು ಸಾವಿರದ ನಾನೂರು. ಎಲ್ಲವೂ ಹಾಜರ್," ಎಂದು ಸದಾನಂದ ಓದಿದ.

"ಒಂದು ಬಿಟ್ರಿ," ಎಂದಳು ಗಂಗವ್ವ.

ಆತ ಪರದೆಯನ್ನು ಮತ್ತೆ ನೋಡಿದ. ಆಮೇಲೆ ಕೌದಿಯ ಮೂಲೆ ನೋಡಿದ. ಅಲ್ಲಿ ಪಾರವ್ವನ ಹೊಸ ಹೊಲಿಗೆಯ ಕೆಳಗೆ ಒಂದು ಪುಟ್ಟ ಉಬ್ಬು ಇತ್ತು. ಆತ ಜೇಬಿನಿಂದ ಪೆನ್ನು ತೆಗೆದು ಹಾಜರಿ ಪುಸ್ತಕದಲ್ಲಿ ಬರೆದಿದ್ದ ಸಂಖ್ಯೆಯನ್ನು ಹೊಡೆದುಹಾಕಿದ. ಅದರ ಪಕ್ಕದಲ್ಲಿ ನಿಧಾನವಾಗಿ, ದುಂಡಗೆ ಬರೆದ: ಆರು ಸಾವಿರದ ನಾನೂರ ಒಂದು.

"ಈಗ ಲೆಕ್ಕ ಬರೋಬ್ಬರಿ ಆತ ನೋಡ್ರಿ," ಎಂದಳು ಗಂಗವ್ವ, ಮತ್ತು ಕೌದಿಯನ್ನು ಒಬ್ಬಳೇ ಎತ್ತಿ ಹೆಗಲಿಗೆ ಹಾಕಿಕೊಂಡಳು.